ತೆಲುಗಿನಲ್ಲಿ ಉಳಿದವನು

ಒಂದು ಧಾರಾವಾಹಿ ನಿಂತುಹೋಯಿತೆಂದು ನಮ್ಮ ಮನೆಯಲ್ಲಿ ಅಂದು ಯಾರೂ ಊಟ ಮಾಡಲಿಲ್ಲ ಎಂದರೆ ನೀವು ನಗುತ್ತೀರಿ. ನಗಿರಿ, ನನಗೇನೂ ಬೇಜಾರಿಲ್ಲ. ಯಾರೂ ಎಂದರೆ ಇಬ್ಬರೇ, ನಾನು ಮತ್ತು ನಮ್ಮ ಅತ್ತೆ. ಹೈದರಾಬಾದಿನ ತಾರ್ನಾಕದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ನನಗೆ ಐವತ್ತರ ಹತ್ತಿರ, ಅವರಿಗೆ ಎಪ್ಪತ್ತು ದಾಟಿದೆ. ನನ್ನ ಗಂಡ, ಅಂದರೆ ಅವರ ಮಗ, ಕೊರೊನಾದ ಎರಡನೇ ಅಲೆಯಲ್ಲಿ ಹೋದರು. ನಮಗೆ ಮಕ್ಕಳಿಲ್ಲ. ಒಬ್ಬನ ಸಲುವಾಗಿ ಒಂದು ಸೂರಿನಡಿ ಬಂದ ಇಬ್ಬರು ಹೆಂಗಸರು, ಆ ಒಬ್ಬನಿಲ್ಲದೆ ಅಲ್ಲೇ ಉಳಿದಿದ್ದೆವು.

ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಚಹಾ ಇಟ್ಟೀನಿ, ನಳಕ್ಕೆ ನೀರು ಬಂದಾವು, ಗುಳಿಗಿ ತಗೊಂಡ್ರೇನು, ಇಂಥವೆಲ್ಲ ಆಡುತ್ತಿದ್ದೆವು ಅನ್ನಿ, ಆದರೆ ಅದನ್ನು ಯಾರು ಮಾತು ಎನ್ನುತ್ತಾರೆ? ಕಾರಣ ಇಷ್ಟೇ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ನಾನು ಅತ್ತೆಗೆ "ಅರಾಮ ಅದಾರ, ನಾಳಿ ನಾಡದ ಬರ್ತಾರ" ಎನ್ನುತ್ತಲೇ ಇದ್ದೆ. ನಿಜ ಹೇಳುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಮೈತುಂಬ ಪ್ಲಾಸ್ಟಿಕ್ ಹೊದ್ದುಕೊಂಡವರು ಅವರನ್ನು ಒಯ್ದರು. ನನ್ನನ್ನೂ ದೂರದಲ್ಲೇ ನಿಲ್ಲಿಸಿದ್ದರು. ಹೆತ್ತವಳು ಮುಖ ನೋಡಲಿಲ್ಲ. ದುಃಖ ಕೇಳಲು ಬಂದ ನಮ್ಮ ಕಡೆಯವರ ಮುಂದೆ ಅತ್ತೆ ಒಂದೇ ಸಲ, "ಈಕಿ ನನಗ ಹೇಳಲಿಲ್ಲ" ಎಂದರು. ನನ್ನ ಮುಂದೆ ಅದನ್ನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ, ನನ್ನ ಬಾಯೇನು ಕಡಿಮೆ ಇಲ್ಲ.

ಉಳಿದದ್ದು ಆ ಧಾರಾವಾಹಿ. ಕನ್ನಡದ್ದು. ಹೈದರಾಬಾದಿನಲ್ಲಿ ಕೇಬಲ್‌ನವನು ಕೊಡುವುದೆಲ್ಲ ತೆಲುಗು. ಕನ್ನಡ ಚಾನೆಲ್ ಬೇಕೆಂದರೆ ಅವನ ಬೆನ್ನು ಹತ್ತಬೇಕು. ನಮ್ಮವರು ಬೆನ್ನು ಹತ್ತಿ, ಬೈದು, ಕಡೆಗೆ ಅವನಿಗೆ ಮನೆಯಲ್ಲಿ ಬಿಸಿ ಮಿರ್ಚಿ ಭಜಿ ತಿನ್ನಿಸಿ ಹಾಕಿಸಿಕೊಂಡಿದ್ದರು. ಅವ್ವನ ಸಲುವಾಗಿ ಎಂದು ಹೆಸರು ಅಷ್ಟೆ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಿಂದ ಕಂಪನಿ ಬಸ್ಸಿನಲ್ಲಿ ಬಂದಿಳಿದು, ಅಂಗಿಗೆ ಹತ್ತಿದ ಆ ಕಮಟು ವಾಸನೆ ತೊಳೆಯಲು ಬಚ್ಚಲಿಗೆ ಹೋದವರು ಅಲ್ಲಿಂದಲೇ ಕೂಗುತ್ತಿದ್ದರು, "ಯವ್ವಾ, ಏನಾತು ಇವತ್ತ?" ಅತ್ತೆ ಹೊರಗಿನಿಂದ ಇಡೀ ಕಥೆ ಒದರುತ್ತಿದ್ದರು. ಮಗ್ಗುಲ ಮನೆಯವರಿಗೂ ಕನ್ನಡ ಬಂದುಬಿಟ್ಟೀತು ಎಂದು ನಾನು ನಗುತ್ತಿದ್ದೆ.

ಅವರು ಹೋದ ಮೇಲೂ ನಾವು ನೋಡುವುದನ್ನು ಬಿಡಲಿಲ್ಲ. ನಾನು ಹಿಮಾಯತ್‌ನಗರದಲ್ಲಿ ಒಂದು ಚಷ್ಮಾ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಸ್ಸಿಳಿದು ಓಡಿ ಬಂದು, ಬ್ಯಾಗನ್ನು ಕುರ್ಚಿಯ ಮೇಲೆ ಒಗೆದು, ನೆಲದ ಮೇಲೆ ಕೂತುಬಿಡುತ್ತಿದ್ದೆ. ಅತ್ತೆ ಮಂಚದ ಮೇಲೆ. ಆ ಅರ್ಧ ತಾಸು ಮಾತ್ರ ನಮಗೆ ನಾಲಿಗೆ ಬರುತ್ತಿತ್ತು. ಕಥೆಯಲ್ಲೂ ಒಬ್ಬ ಅತ್ತೆ, ಒಬ್ಬ ಸೊಸೆ, ನಡುವೆ ಒಬ್ಬ ಮಗ.

"ಆ ಸೊಸಿ ನೋಡು, ಎಲ್ಲಾ ಹೊಟ್ಯಾಗ ಇಟ್ಕೊಂಡು ಕುಂತಾಳ. ಬಾಯಿ ಬಿಟ್ರ ಮುತ್ತು ಉದುರತಾವೇನ ಆಕಿವು?" ಎನ್ನುತ್ತಿದ್ದರು ಅತ್ತೆ.

"ಅತ್ತಿ ಬಾಯಿ ಮುಚ್ಚಿದ್ರ ಸೊಸಿ ಬಾಯಿ ಬಿಡ್ತಾಳ್ರಿ," ಎನ್ನುತ್ತಿದ್ದೆ ನಾನು.

"ಆಹಾಹಾ! ಬಂದ್ಲು ನೋಡು ಆಕಿ ವಕೀಲಿ."

ಹೀಗೆ. ಹೊರಗಿನವರಿಗೆ ಇದು ಟಿ.ವಿ. ನೋಡುವುದು. ನಮಗೆ ಅದೇ ಜಗಳ, ಅದೇ ಅಳು, ಅದೇ ರಾಜಿ. ಹಾಡು ಮುಗಿದು ಜಾಹೀರಾತು ಬಂದೊಡನೆ ಇಬ್ಬರೂ ಮತ್ತೆ ಮೂಕರು.

ನಮ್ಮವರು ಹೋದ ಕೆಲ ತಿಂಗಳಿಗೆ ಕಥೆಯ ಮಗನೂ ಹೋದ. ಆ ಪಾತ್ರದ ಹುಡುಗನಿಗೆ ಸಿನಿಮಾ ಸಿಕ್ಕಿತಂತೆ, ಬಿಟ್ಟ. ಧಾರಾವಾಹಿಯವರು ಅವನನ್ನು ದುಬೈಗೆ ಕಳಿಸಿ ಕೈ ತೊಳೆದುಕೊಂಡರು. ಫೋನಿಲ್ಲ, ಸುದ್ದಿಯಿಲ್ಲ. ಕಥೆಯ ತಾಯಿ ಬಾಗಿಲು ನೋಡುತ್ತ ಕೂತಳು, ನಮ್ಮತ್ತೆ ಅವಳನ್ನು ನೋಡುತ್ತ ಕೂತರು. "ದುಬೈಕ ಹ್ವಾದಾಂವ ಎಲ್ಲಿಗೆ ಹೊಕ್ಕಾನ? ಬರ್ತಾನ. ಈ ಊರಾಗ ಎಷ್ಟು ಮಂದಿ ಹೋಗಿಲ್ಲ, ಖರ್ಜೂರ ಹೊತಗೊಂಡು ತಿರುಗಿ ಬಂದಿಲ್ಲ?" ಎನ್ನುತ್ತಿದ್ದರು. ಒಂದು ವರ್ಷದ ಮೇಲಾಯಿತು, ಅವನು ಬರಲೇ ಇಲ್ಲ. ಅವರ ನಂಬಿಕೆ ಕದಲಲಿಲ್ಲ. ನಾನೂ ನಂಬಿದ್ದೆ, ಯಾಕೆ ಸುಳ್ಳು ಹೇಳಲಿ.

ಆಮೇಲೆ ಒಂದು ವಾರ ಟಿ.ವಿ.ಯ ಕೆಳಗೆ ಸಣ್ಣಕ್ಷರದ ಪಟ್ಟಿ ಓಡತೊಡಗಿತು, ಅಂತಿಮ ಸಂಚಿಕೆ ಎಂದು. ನನಗೆ ಮೈಯೆಲ್ಲ ಉರಿಯಿತು. ಕಥೆ ಇನ್ನೂ ಅರ್ಧಕ್ಕೇ ಇದೆ, ಇದೆಂಥ ಅಂತಿಮ? ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಫೋನು ತೆಗೆದು ನೋಡಿದೆ. ನನ್ನ ಹಾಗೆ ಎಷ್ಟೋ ಜನ ಬೇಡಿಕೊಂಡಿದ್ದರು, ನಿಲ್ಲಿಸಬೇಡಿ, ನಮ್ಮಮ್ಮ ಊಟ ಬಿಟ್ಟಿದ್ದಾರೆ, ನಮ್ಮಜ್ಜಿ ಕೇಳುತ್ತಿದ್ದಾರೆ ಎಂದು. ನಾನು ಬೇಡಿಕೊಳ್ಳಲಿಲ್ಲ, ಬೈದೆ. ಬರೆಯಬಾರದ್ದನ್ನೆಲ್ಲ ಬರೆದೆ. ಯಾರೋ ಅದಕ್ಕೆ ಹೃದಯದ ಗುರುತು ಒತ್ತಿದ್ದರು. ಇನ್ನೇನೂ ಆಗಲಿಲ್ಲ.

ಕಡೆಯ ದಿನ ಅರ್ಧ ತಾಸಿನಲ್ಲಿ ಎಲ್ಲವನ್ನೂ ಮುದುಡಿ ಗಂಟು ಕಟ್ಟಿದರು. ಕೆಟ್ಟ ನೆಗೆಣ್ಣಿ ಒಳ್ಳೆಯವಳಾದಳು, ಕಿರಿಯ ಮಗಳ ಮದುವೆಯಾಯಿತು, ಎಲ್ಲರೂ ನಕ್ಕು ಫೋಟೋಕ್ಕೆ ನಿಂತರು. ನಿಂತವರ ಬೆನ್ನ ಹಿಂದಿನ ಗೋಡೆಯ ಮೇಲೆ ಆ ಮಗನ ಫೋಟೋ ಇತ್ತು. ಅದಕ್ಕೆ ಗಂಧದ ಹಾರ ಹಾಕಿತ್ತು. ಯಾರೂ ಒಂದು ಮಾತೂ ಆಡಲಿಲ್ಲ, ಅವನು ಯಾವಾಗ ಸತ್ತ, ಹೇಗೆ ಸತ್ತ, ಏನೂ ಇಲ್ಲ. ಕ್ಯಾಮೆರಾ ಅದರ ಮುಂದೆ ಹಾದು ಹೋಯಿತು ಅಷ್ಟೆ.

"ನೋಡಿದ್ಯಾ?" ಎಂದರು ಅತ್ತೆ.

"ಏನ್ರಿ? ನಾ ಏನೂ ನೋಡ್ಲಿಲ್ಲ," ಎಂದೆ.

ಅವರು ಗೋಡೆಗೆ ಮುಖ ಮಾಡಿ ಮಲಗಿದರು. ನಮ್ಮ ಮನೆಯಲ್ಲಿ ನನ್ನ ಗಂಡನ ಫೋಟೋ ಹಾಕಿರಲಿಲ್ಲ. ಮಾರಿ ನೋಡದಽ ಫೋಟೋ ಹ್ಯಾಂಗ ಹಾಕಲಿ ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಯಾರೋ ಬೆಂಗಳೂರಿನಲ್ಲಿ ಕೂತವರು, ನಮ್ಮ ಗೋಡೆಗೇ ಬಂದು ಹಾರ ಹಾಕಿ ಹೋದರು ಅನ್ನಿಸಿತು ನನಗೆ. ಅನ್ನ ಮಾಡಿದ್ದು ಮಾಡಿದ ಹಾಗೇ ಉಳಿಯಿತು.

ಮರುದಿನದಿಂದಲೇ ಸಂಜೆ ಅದೇ ಹೊತ್ತಿಗೆ ಹೊಸದೊಂದು ಧಾರಾವಾಹಿ ಶುರುವಾಗಿತ್ತು. ಅತ್ತೆ ಸದ್ದು ತೆಗೆದು ಅದನ್ನು ಸುಮ್ಮನೆ ದಿಟ್ಟಿಸುತ್ತಿದ್ದರು, ಆ ಹೊಸಬರು ಪಕ್ಕಕ್ಕೆ ಸರಿದರೆ ಹಿಂದೆ ನಮ್ಮ ಹಳೆಯ ಕಥೆಯವರು ಕಂಡಾರು ಎನ್ನುವ ಹಾಗೆ. ನನಗೂ ಅದೇ ಭ್ರಮೆ. ಗಿರಾಕಿಯ ಕಣ್ಣಿಗೆ ಗಾಜು ಇಟ್ಟು "ಈಗ ಕಾಣ್ತದಾ?" ಎಂದು ಕೇಳುವಾಗ, ಆ ಮನೆಯ ಮೆಟ್ಟಿಲು, ಉಯ್ಯಾಲೆ, ಅಡುಗೆಮನೆಯ ಹಸಿರು ಕಿಟಕಿ ನನ್ನ ಕಣ್ಣಿಗೆ ಕಟ್ಟುತ್ತಿದ್ದವು. ಆ ಮನೆ ಈಗ ಎಲ್ಲಿ? ಕಿತ್ತು ಹಲಗೆ ಮಾಡಿ ಒಟ್ಟಿರುತ್ತಾರೆ. ಅಲ್ಲಿದ್ದವರು? ಅವರಿಗೆ ಮುಂದೆ ಮಾತು ಬರೆಯುವವರಿಲ್ಲ, ಹಾಗೇ ಬಾಯಿ ತೆರೆದುಕೊಂಡು ಎಲ್ಲೋ ನಿಂತಿರುತ್ತಾರೆ ಅನ್ನಿಸಿ, ಹಗಲು ಹೊತ್ತಿನಲ್ಲೇ ಭಯವಾಗುತ್ತಿತ್ತು.

ರಾಯಚೂರಿನಿಂದ ನನ್ನ ನಾದಿನಿ ಫೋನು ಮಾಡಿದಳು. ಅತ್ತೆಯ ಮಗಳು, ಅಲ್ಲೇ ಕೊಟ್ಟಿದ್ದು. ಮೊದಲಿಂದಲೂ ಕರೆಯುತ್ತಿದ್ದಳು, ಅತ್ತೆ ಒಲ್ಲೆ ಎನ್ನುತ್ತಿದ್ದರು. ಈ ಸಲ ಅವರು ಫೋನಿನಲ್ಲಿ ಹೇಳಿದ್ದು ನನಗೆ ಅಡುಗೆಮನೆಯಿಂದ ಕೇಳಿಸಿತು. "ಬರ್ತೀನಿ ಬಿಡವಾ. ಇಲ್ಲೇನೈತಿ ಇನ್ನ?"

ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ನನಗೆ ಅತ್ತೆಯ ಮೇಲೆ ಭಾರೀ ಪ್ರೀತಿಯಿತ್ತು ಎಂದೇನೂ ಅಲ್ಲ. ಆದರೆ ಇವರು ಕೆಮ್ಮಿದರೆ ನನ್ನ ಗಂಡ ಕೆಮ್ಮಿದ ಹಾಗೆಯೇ ಕೇಳುತ್ತದೆ. ಅನ್ನ ಕಲೆಸುವ ಬೆರಳು ಅದೇ, ಸಿಟ್ಟಿಗೆದ್ದಾಗ ಅರಳುವ ಮೂಗು ಅದೇ. ಇವರು ಹೋದರೆ ಈ ಮನೆಯಿಂದ ಅವರು ಎರಡನೇ ಸಲ ಹೋಗುತ್ತಾರೆ. ನನಗೆ ಅದು ಬೇಡವಾಗಿತ್ತು. ಬೇಡ ಎನ್ನಲು ಬಾಯಿ ಇರಲಿಲ್ಲ. ಬಾಯಿದ್ದ ಅರ್ಧ ತಾಸನ್ನು ಟಿ.ವಿ.ಯವರು ನಿಲ್ಲಿಸಿಬಿಟ್ಟಿದ್ದರಲ್ಲ.

ನಾದಿನಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು. ಅತ್ತೆ ಟ್ರಂಕಿನಿಂದ ಸೀರೆ ತೆಗೆದು ಬಿಸಿಲಿಗೆ ಹಾಕತೊಡಗಿದರು. ಅಂಥದ್ದೇ ಒಂದು ಸಂಜೆ, ನಾನು ಬಂದು ಚಪ್ಪಲಿ ಬಿಡುವಾಗ, ಅತ್ತೆ ಅಡುಗೆಮನೆಯ ಕಿಟಕಿಗೆ ಕಿವಿ ಕೊಟ್ಟು ನಿಂತಿದ್ದರು. ಮಗ್ಗುಲ ಮನೆಯ ಟಿ.ವಿ.ಯಿಂದ ಹಾಡು ಬರುತ್ತಿತ್ತು. ಮಾತು ತೆಲುಗು, ಧಾಟಿ ನಮ್ಮ ಧಾರಾವಾಹಿಯದು.

"ಅದಽ ಹಾಡು ಐತಿ, ಕೇಳು! ಎಲ್ಲಿ ಬರಾಕತ್ತೈತಿ, ಹಚ್ಚು, ಹಚ್ಚು!" ಎಂದು ನನ್ನ ರಟ್ಟೆ ಹಿಡಿದರು. ಎಷ್ಟು ದಿನಗಳ ಮೇಲೆ ಮುಟ್ಟಿದ್ದರೋ.

ನಮ್ಮ ಧಾರಾವಾಹಿಯನ್ನೇ ತೆಲುಗಿನವರು ಬೇರೆಯವರನ್ನು ಹಾಕಿಕೊಂಡು ಮಾಡಿದ್ದರು. ಶುರುಮಾಡಿದ್ದು ತಡವಾಗಿ, ಹಾಗಾಗಿ ಅವರ ಕಥೆ ನಮ್ಮದಕ್ಕಿಂತ ಬಹಳ ಹಿಂದಿತ್ತು. ಚಾನೆಲ್ ಹುಡುಕಿ ಹಚ್ಚಿದೆ. ಅದೇ ಮನೆ, ಆದರೆ ಮೆಟ್ಟಿಲು ಎಡಕ್ಕಿದ್ದದ್ದು ಬಲಕ್ಕಿತ್ತು. ಅದೇ ತಾಯಿ, ಆದರೆ ದಪ್ಪಗಿದ್ದಳು. "ಯಾರೇ ಇವರೆಲ್ಲಾ, ನಮ್ಮವರ ಮನ್ಯಾಗ ಹೊಕ್ಕೊಂಡು ಕುಂತಾರ!" ಎಂದು ಅತ್ತೆ ಮುಖ ಸಿಂಡರಿಸಿದರು. ಅಷ್ಟರಲ್ಲಿ ಬಾಗಿಲು ತೆರೆದು ಆ ಮಗ ಒಳಗೆ ಬಂದ. ಬೇರೆ ಮುಖ, ಸಣ್ಣ ಮೀಸೆ. ಬಂದವನು ಚಪ್ಪಲಿ ಬಿಟ್ಟು, ಹಸಿವು ಅಮ್ಮಾ ಎಂದ.

ಅತ್ತೆ ಟಿ.ವಿ.ಯತ್ತ ಬಾಗಿದರು, ನಾನೂ.

ಅವನಿಗೆ ಏನೂ ಗೊತ್ತಿರಲಿಲ್ಲ, ನೋಡಿ. ತಾನು ದುಬೈಗೆ ಹೋಗುವುದು, ತನ್ನ ಫೋಟೋಕ್ಕೆ ಹಾರ ಬೀಳುವುದು. ನಗುನಗುತ್ತ ಅನ್ನ ಉಣ್ಣುತ್ತಿದ್ದ. ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವತ್ತಿನಿಂದ ಅತ್ತೆ ಅವನೊಡನೆ ತೆಲುಗಿನಲ್ಲೇ ಮಾತಾಡತೊಡಗಿದರು, ತರಕಾರಿಯವಳಿಂದ ಕಲಿತ ಹರಕು ತೆಲುಗಿನಲ್ಲಿ. ಅವನು ಊಟಕ್ಕೆ ಕೂತರೆ "ತಿನು ನಾಯನಾ, ತಿನು" ಎನ್ನುವರು. ಹೊರಗೆ ಹೊರಟರೆ "ಎಕ್ಕಡಿಕಿ?" ಎಲ್ಲಿಗೆ ಎಂದು ಗದರಿಸುವರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ನಮ್ಮ ಮನೆಯಲ್ಲೇ ನನ್ನ ಗಂಡನಿಗೆ ಜ್ವರ ಬರುವುದಕ್ಕೆ ಮುಂಚಿನ ದಿನಗಳು ತಿರುಗಿ ಬಂದಿವೆ, ನಾನು ಅವನ್ನು ಗಾಜಿನ ಈಚೆ ನಿಂತು ನೋಡುತ್ತಿದ್ದೇನೆ, ಕೂಗಿದರೆ ಕೇಳಿಸುವುದಿಲ್ಲ, ಹಾಗೆ ಅನ್ನಿಸುತ್ತಿತ್ತು. ಆದರೂ ಸಂಜೆಯಾದರೆ ಬಸ್ಸಿಳಿದು ಓಡಿ ಬರುತ್ತಿದ್ದೆ.

ಒಂದು ಸೋಮವಾರ ರಜೆಯಿತ್ತು. ಮಧ್ಯಾಹ್ನ ನೋಡಿದರೆ ಅತ್ತೆಗೆ ಬಡಿದಿಟ್ಟ ರೊಟ್ಟಿ ಮುಚ್ಚಿದ ಹಾಗೇ ಇತ್ತು.

"ಏನ್ರಿ ಇದು? ಗುಳಿಗಿ ತಗೊಂಡು ಉಣದಽ ಕುಂತೀರಿ? ಶುಗರ್ ಐತಿ ಅನ್ನೂ ಖಬರ್ ಐತೋ ಇಲ್ಲೋ?"

"ಒಪ್ಪತ್ತು ಹಿಡದೀನಿ. ಹರಕಿ."

"ಯಾರ ಸಲುವಾಗಿ?"

ಅತ್ತೆ ಗದ್ದ ಎತ್ತಿ ಆರಿದ್ದ ಟಿ.ವಿ. ತೋರಿಸಿದರು. "ಆ ಹುಡುಗ ದುಬೈಕ ಹೋಗಬಾರದು ಅಂತ."

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ, ಹುಚ್ಚು ಗಿಚ್ಚು ಹಿಡದೈತೇನು? ಅದು ನಾಟಕ. ಏನಾಗಬೇಕು ಅನ್ನೂದು ಮೊದ್ಲಽ ಬರದಿಟ್ಟಾರ."

"ಬರದದ್ದು ತಿದ್ದಾಕ ಬರ್ತೈತಿ," ಎಂದರು ಅತ್ತೆ. "ಆಗೂದು ಮೊದ್ಲಽ ಗೊತ್ತಿದ್ದವರು ಬೇಡ್ಕೊಂಡ್ರ ಬರ್ತೈತಿ. ಈ ಸಲ ನನಗ ಗೊತ್ತೈತಿ."

ಈ ಸಲ ಎಂಬ ಆ ಮಾತು ನನಗೆ ನೇರ ಬಂದು ನಾಟಿತು. ರೊಟ್ಟಿ ಎತ್ತಿಕೊಂಡು ಒಳಗೆ ಹೋದೆ.

ವಾರದಿಂದ ವಾರಕ್ಕೆ ತೆಲುಗಿನ ಕಥೆ ಆ ಜಾಗಕ್ಕೆ ಹತ್ತಿರವಾಗುತ್ತ ಬಂತು. ದುಬೈನಿಂದ ಗೆಳೆಯನ ಫೋನು ಬಂತು. ಪಾಸ್‌ಪೋರ್ಟ್ ಬಂತು. ದೊಡ್ಡದೊಂದು ನೀಲಿ ಬ್ಯಾಗು ತಂದು ಅಲಮಾರಿಯ ಮೇಲಿಟ್ಟರು. ಅತ್ತೆ ಸೊರಗಿ ಕಡ್ಡಿಯಾದರು. ಹರಕೆ ಬಿಡಿ ಎಂದು ನಾನು ಕೈಮುಗಿದೆ, ಬೈದೆ, ನಾದಿನಿಗೆ ಹೇಳಿ ಬೈಸಿದೆ. ಯಾವುದಕ್ಕೂ ಜಗ್ಗಲಿಲ್ಲ. ಅಷ್ಟೇ ಏಕೆ, ನಾನೂ ಒಂದು ದಿನ ಕಿಕ್ಕಿರಿದ ಬಸ್ಸಿನಲ್ಲಿ ಜೋತಾಡುತ್ತ, ದೇವರೇ ಆ ಪಾಸ್‌ಪೋರ್ಟ್ ಕಳೆದುಹೋಗಲಿ ಎಂದುಕೊಂಡೆ. ಬುದ್ಧಿಯಿದ್ದವರು ಮಾಡುವ ಕೆಲಸವಲ್ಲ. ಮಾಡಿದೆ.

ಆಗ ತೆಲುಗಿನದೂ ನಿಂತಿತು. ಇದಕ್ಕೆ ಪಟ್ಟಿಯೂ ಓಡಲಿಲ್ಲ, ಅಥವಾ ನಾವು ನೋಡಲಿಲ್ಲ. ಅವತ್ತು ಅವನು ಹೊರಡುವ ದಿನವಿರಬಹುದೆಂದು ಹೆದರಿಕೊಂಡೇ ಕೂತಿದ್ದೆವು. ಎಲ್ಲರೂ ಅಂಗಳದಲ್ಲಿ ಸೇರಿದರು. ಯಾಕೋ ಕೆಟ್ಟ ನೆಗೆಣ್ಣಿ ಇಲ್ಲಿಯೂ ಒಮ್ಮೆಲೇ ಒಳ್ಳೆಯವಳಾದಳು. ಮಗ ಅಣ್ಣನ ಕೂಸನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ನಕ್ಕ. ದುಬೈ ಮಾತನ್ನು ಒಬ್ಬರೂ ಎತ್ತಲಿಲ್ಲ. ಹಾಗೇ ನಗುತ್ತಿದ್ದವರು ಹಾಗೇ ನಿಂತುಬಿಟ್ಟರು, ಮೇಲೆ ಶುಭಂ ಎಂದು ಬಂತು.

"ಮುಗೀತಾ?" ಎಂದರು ಅತ್ತೆ.

"ಮುಗೀತು ಕಾಣಸ್ತೈತ್ರಿ."

"ಹೋಗಲಿಲ್ಲಂವ." ಅತ್ತೆ ಮಂಚದಿಂದ ಇಳಿದು ಟಿ.ವಿ.ಯ ಹತ್ತಿರ ಹೋದರು. "ಹೋಗಲಿಲ್ಲ! ಉಳದ ನೋಡು! ಮನ್ಯಾಗಽ ಉಳದ!" ಎಂದು ಚಪ್ಪಾಳೆ ತಟ್ಟಿ ನಕ್ಕರು. ಮಗ ಸತ್ತ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಗುತ್ತ ನಗುತ್ತಲೇ ಅದು ಅಳುವಾಯಿತು. ಸೋಪಿನ ಜಾಹೀರಾತು ಶುರುವಾಗಿತ್ತು. ಅವರು ನೆಲದ ಮೇಲೆ, ನನ್ನೆದುರಿಗೇ ಕುಸಿದು ಕೂತರು.

"ಯಾರ ಮಗನೋ ಏನೋ. ನಾ ಹರಕಿ ಹೊತ್ತೆ, ಉಳದ. ನನ್ನ ಹುಡುಗಗ ಹೊರಲಿಲ್ಲ ನಾನು. ಒಂದು ಹೊತ್ತು ಊಟ ಬಿಡಲಿಲ್ಲ ಅಂವಗ. ಅಂವ ಅಲ್ಲಿ ಉಸಿರಿಗೆ ಬಡಕೊಳ್ಳಾಕತ್ತಿದ್ದ, ನಾ ಇಲ್ಲಿ ಎರಡೂ ಹೊತ್ತು ಹೊಟ್ಟಿತುಂಬ ಉಂಡು ಮಲಗೀನಿ." ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. "ಯಾಕ ಹೇಳಲಿಲ್ಲಽ ನನಗ?"

ಅಷ್ಟು ದಿನದಲ್ಲಿ ಅದೇ ಮೊದಲು ಅವರು ನನ್ನನ್ನೇ ಕೇಳಿದ್ದು. ಹೇಳದೆ ನಾನು ತಪ್ಪು ಮಾಡಿದೆನೆಂದು ನನಗೆ ಈಗಲೂ ಅನ್ನಿಸಿಲ್ಲ. ಉತ್ತರ ನನ್ನ ಗಂಟಲಲ್ಲೇ ಇತ್ತು, ಬೇಕೆಂದೇ ತಡೆದಿದ್ದೆ. ಸತ್ತವನ ಮೇಲೆ ತಾಯಿ ಸಿಟ್ಟಾಗಬಾರದು, ಆಗುವುದಿದ್ದರೆ ನನ್ನ ಮೇಲೆ ಆಗಲಿ, ನಾನು ಬದುಕಿದ್ದೇನೆ, ತಡೆದುಕೊಳ್ಳುತ್ತೇನೆ ಎಂದು.

"ಅವರಽ ಬ್ಯಾಡ ಅಂದ್ರು," ಎಂದೆ.

"ಯಾರು?"

"ನಿಮ್ಮ ಮಗ. ಫೋನಿನ್ಯಾಗ. ಕಡೀಕ ಮಾತಾಡಿದ್ದಽ ಅದು."

"ಏನಂದ? ಅಂವ ಅಂದಂಗಽ ಅನ್ನು."

ಅವರು ಅಂದದ್ದು ನಡುನಡುವೆ ಉಸಿರೆಳೆದುಕೊಳ್ಳುತ್ತ. ನನಗೆ ಹಾಗೆ ಅನ್ನಲು ಬರಲಿಲ್ಲ. ಮಾತಷ್ಟೇ ಹೇಳಿದೆ. "ಅವ್ವಗ ಹೇಳಬ್ಯಾಡ. ಗೊತ್ತಾತಂದ್ರ ಹರಕಿ ಹೊತ್ತು ಊಟ ಬಿಟ್ಟು ಕುಂದರತಾಳ, ಶುಗರ್ ಇಳದು ಬಿದ್ದುಬಿಡ್ತಾಳ. ಅರಾಮ ಆಗಿ ಬಂದು ನಾನಽ ಹೇಳ್ತೀನಿ ಆಕಿಗೆ."

ನಾನು ಎದ್ದು ಟಿ.ವಿ. ಆರಿಸಿದೆ. ಹಿಂದಿನಿಂದ ಅವರ ಧ್ವನಿ ಬಂತು.

"ಬಂದು ನಾನಽ ಹೇಳ್ತೀನಿ ಅಂದ್ನಾ?"

"ಹೂಂ ರಿ. ಹಂಗಽ ಅಂದ್ರು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಮರುವಾರ ಕರೆದೊಯ್ಯಲು ಬರುವವಳಿದ್ದ ಮಗಳಿಗೆ ಫೋನು ಹಚ್ಚು ಎಂದರು. "ಬರಬ್ಯಾಡ ಅನ್ನು ಆಕಿಗೆ."

"ಯಾಕ್ರಿ?"

"ಬಂದು ಹೇಳ್ತೀನಿ ಅಂದಾನಲ್ಲ. ನಾ ಇಲ್ಲಿ ಇರಲಿಲ್ಲಂದ್ರ ಅಂವ ಯಾರಿಗೆ ಹೇಳಬೇಕು?"